ನಾರದನ ಪಟ್ಟಿ

ಛಾಂದೋಗ್ಯ ಉಪನಿಷತ್ತಿನ ಏಳನೆಯ ಅಧ್ಯಾಯ ಶುರುವಾಗುವುದೇ ಒಂದು ಪಟ್ಟಿಯಿಂದ. ಪಾಠ ಹೇಳಬೇಕೆಂದು ಕೇಳಿಕೊಂಡು ನಾರದ ಸನತ್ಕುಮಾರನ ಹತ್ತಿರ ಬರುತ್ತಾನೆ. ನಿನಗೆ ಈಗಾಗಲೇ ಗೊತ್ತಿರುವುದನ್ನೆಲ್ಲ ಒಪ್ಪಿಸು, ಮುಂದಿನದು ಆಮೇಲೆ ಎನ್ನುತ್ತಾನೆ ಗುರು. ನಾರದ ಒಪ್ಪಿಸುತ್ತಾನೆ: ನಾಲ್ಕು ವೇದ, ಇತಿಹಾಸ-ಪುರಾಣ, ವ್ಯಾಕರಣ, ಪಿತೃಕಾರ್ಯ, ಗಣಿತ, ಉತ್ಪಾತಗಳ ಶಾಸ್ತ್ರ, ತರ್ಕ, ನೀತಿ, ಭೂತವಿದ್ಯೆ, ಬಿಲ್ಲುವಿದ್ಯೆ, ನಕ್ಷತ್ರವಿದ್ಯೆ, ಹಾವಿನ ವಿದ್ಯೆ, ಕಡೆಗೆ ದೇವಜನವಿದ್ಯೆ. ಈ ಕೊನೆಯದಕ್ಕೆ ಶಂಕರಾಚಾರ್ಯರು ತಮ್ಮ ಭಾಷ್ಯದಲ್ಲಿ ಸುಗಂಧ ಬೆರೆಸುವುದು, ಕುಣಿತ, ಹಾಡು, ವಾದ್ಯ, ಶಿಲ್ಪ ಎಂದು ಅರ್ಥ ಹೇಳುತ್ತಾರೆ. ಇಷ್ಟನ್ನೂ ಒಪ್ಪಿಸಿ ಮುಗಿಸಿದ ನಾರದ, ಆದರೂ ನನ್ನ ದುಃಖ ಹೋಗಿಲ್ಲ ಎಂದು ತಲೆ ತಗ್ಗಿಸುತ್ತಾನೆ.

ಪ್ರವಚನದಲ್ಲಿ ಈ ಭಾಗ ಬಂದಾಗಲೆಲ್ಲ ಸಭೆಯಲ್ಲಿ ಒಂದು ಸಣ್ಣ ನಗು ಏಳುತ್ತದೆ. ಎಲ್ಲ ಕಲಿತು ಏನು ಬಂತು, ನೋಡಿದಿರಾ ಎನ್ನುವ ನಗು. ನನಗೆ ಆ ನಗೆಯಲ್ಲಿ ಸೇರಲು ಆಗುವುದಿಲ್ಲ. ನಾರದನ ಪಟ್ಟಿ ಕೇಳಿದರೆ ನನ್ನ ಮನೆಯ ಕಪಾಟು ಕಣ್ಮುಂದೆ ಬರುತ್ತದೆ.

ಧಾರವಾಡದಲ್ಲಿ ಅಂಚೆ ಕಚೇರಿಯ ಕೌಂಟರಿನ ಹಿಂದೆ ಕೂತು ಕೂತೇ ನಿವೃತ್ತಳಾದವಳು ನಾನು. ಕಪಾಟಿನ ಮೇಲಿನ ಅರೆಯಲ್ಲಿ ಅಂಚೆಚೀಟಿಯ ಆಲ್ಬಮ್ಮುಗಳಿವೆ. ಅದರ ಕೆಳಗೆ ಕಸೂತಿಯ ದಾರದ ಡಬ್ಬಿ, ಅರ್ಧ ಮುಗಿದ ಒಂದು ಇಳಕಲ್ ಸೀರೆ. ಅದರ ಪಕ್ಕ ನಕ್ಷತ್ರಪಟ, ಒಂದು ಹಳೆಯ ದುರ್ಬೀನು. ಕೆಳಗಿನ ಅರೆಯಲ್ಲಿ ಅಪ್ಪನ ಕಾಲದ ಪೇಟಿ. ಅದರ ಮಂದ್ರದ ಒಂದು ಸ್ವರ ಈಗ ಏಳುವುದಿಲ್ಲ. ಮಳೆಗಾಲದಲ್ಲಿ ಕಂಪೌಂಡ್ ಗೋಡೆಯ ಮೇಲೆ ಏಳುವ ಪಾಚಿ, ಜರೀಗಿಡಗಳನ್ನು ಕಾಗದದ ನಡುವೆ ಒತ್ತಿಟ್ಟ ಕಟ್ಟು ಬೇರೆ. ಈಚೆಗೆ ಇದಕ್ಕೆಲ್ಲ ಸೇರಿ ಒಂದು ದಪ್ಪ ರಿಜಿಸ್ಟರ್ ತಂದೆ. ಇವತ್ತು ಕಸೂತಿ, ನಾಳೆ ಚಿಕ್ಕೆ, ನಾಡಿದ್ದು ಪೇಟಿಯಲ್ಲಿ ಕೂಡಿಸಿಕೊಂಡ ಒಂದು ದಾಸರ ಪದ, ಎಲ್ಲವೂ ಒಂದೇ ಪುಸ್ತಕದಲ್ಲಿ. ವಿಷಯಕ್ಕೊಂದು ನೋಟ್‌ಬುಕ್ಕು ಇಟ್ಟರೆ ಚೊಕ್ಕಟ ಎಂದು ಮೊಮ್ಮಗ ಹೇಳಿದ. ಬೇಡ ಅಂದೆ. ಯಾಕೆ ಎನ್ನುವುದನ್ನು ಆಮೇಲೆ ಹೇಳುತ್ತೇನೆ.

ನಮ್ಮ ಓಣಿಯ ಭಜನಾ ಮಂಡಳಿಯಲ್ಲಿ ಹಿರಿಯರೊಬ್ಬರು ಆ ರಿಜಿಸ್ಟರನ್ನು ತಿರುವಿ ನೋಡಿ, "ಅಕ್ಕಾರ, ಇಷ್ಟ್ ವಯಸ್ಸಾತು, ಇನ್ನರ ಮನಸ್ಸು ಒಂದ್ ಕಡೆ ನಿಂದರಸ್ರಿ" ಅಂದರು. ಅವರ ದನಿಯಲ್ಲಿ ಕುಹಕವಿರಲಿಲ್ಲ, ಕಳಕಳಿಯಿತ್ತು. ಅದಕ್ಕೇ ಆ ಮಾತು ತಲೆಯಲ್ಲಿ ಉಳಿಯಿತು. ಅವರ ಬೆನ್ನಿಗೆ ದೊಡ್ಡ ದೊಡ್ಡ ಗ್ರಂಥಗಳಿವೆ. ಪತಂಜಲಿ ಚಿತ್ತದ ಚೆಲ್ಲಾಪಿಲ್ಲಿತನಕ್ಕೆ ಔಷಧ ಹೇಳುವಾಗ ಒಂದೇ ತತ್ತ್ವವನ್ನು ಹಿಡಿದು ಅಭ್ಯಾಸ ಮಾಡು ಎನ್ನುತ್ತಾನೆ. ಗೀತೆಯ ಎರಡನೆಯ ಅಧ್ಯಾಯದಲ್ಲಿ ಕೃಷ್ಣ ನಿಶ್ಚಯವುಳ್ಳ ಬುದ್ಧಿ ಒಂದೇ, ಇಲ್ಲದವರದು ಕವಲು ಕವಲು ಎಂದು ಹೇಳಿಬಿಡುತ್ತಾನೆ. ಹಿರಿಯರು ಇದನ್ನೇ ನೆನಪಿಸಿದರು.

ಮನೆಗೆ ಬಂದು ಆ ಶ್ಲೋಕದ ಮುಂದಿನವನ್ನು ತೆಗೆದು ನೋಡಿದೆ. ಕೃಷ್ಣ ಅಲ್ಲಿ ಯಾರನ್ನು ಬೈಯುತ್ತಿದ್ದಾನೆ? ಸ್ವರ್ಗ ಬೇಕು, ಭೋಗ ಬೇಕು, ಐಶ್ವರ್ಯ ಬೇಕು ಎಂದು ಲೆಕ್ಕ ಹಾಕಿ ಕರ್ಮ ಮಾಡುವವರನ್ನು, ಅದರಾಚೆ ಏನೂ ಇಲ್ಲ ಎಂದು ಹೂವಿನಂಥ ಮಾತಾಡುವವರನ್ನು. ಕವಲೊಡೆದದ್ದು ಅವರ ಆಸೆ. ಒಂದೇ ಒಂದು ಯಜ್ಞವನ್ನು ಜೀವಮಾನವಿಡೀ ಹಿಡಿದವನೂ ಆ ಬೈಗುಳದೊಳಗೆ ಬರುತ್ತಾನೆ. ಕಂಪೌಂಡಿನ ಜರೀಗಿಡ ನೋಡುತ್ತ ಕೂತವಳು ಅದರೊಳಗೆ ಬರುತ್ತಾಳೋ ಇಲ್ಲವೋ, ಆಕೆ ಯಾಕೆ ನೋಡುತ್ತಿದ್ದಾಳೆ ಎನ್ನುವುದರ ಮೇಲೆ ಹೋಗುತ್ತದೆ. ಹಿರಿಯರಿಗೆ ಇದನ್ನು ಹೇಳಿದೆ. ವಾದ ಮಾಡಲಿಕ್ಕೆ ನಿಮಗೆ ಯಾರೂ ಕಲಿಸಬೇಕಾಗಿಲ್ಲ ಅಂದರು.

ನನಗೆ ನಿಜವಾಗಿ ಬೆಂಬಲ ಸಿಕ್ಕಿದ್ದು ಭಾಗವತದ ಹನ್ನೊಂದನೆಯ ಸ್ಕಂಧದಲ್ಲಿ. ಯದುರಾಜನಿಗೆ ಒಬ್ಬ ಅವಧೂತ ಸಿಗುತ್ತಾನೆ. ಸಂಪ್ರದಾಯ ಅವನನ್ನು ದತ್ತಾತ್ರೇಯ ಎನ್ನುತ್ತದೆ. ಇಷ್ಟು ನಿಶ್ಚಿಂತನಾಗಿ ಹೇಗೆ ಅಡ್ಡಾಡುತ್ತೀ ಎಂದು ರಾಜ ಕೇಳಿದರೆ ಅವಧೂತ ತನ್ನ 24 ಗುರುಗಳ ಹೆಸರು ಹೇಳುತ್ತಾನೆ. ಇದು ಇನ್ನೊಂದು ಪಟ್ಟಿ. ಭೂಮಿ, ಗಾಳಿ, ನೀರು, ಸಮುದ್ರ, ಹೆಬ್ಬಾವು, ಪಾರಿವಾಳ, ಜೇನ್ನೊಣ, ಪಿಂಗಳೆ ಎಂಬ ವೇಶ್ಯೆ, ಜೇಡ, ಬತ್ತ ಕುಟ್ಟುವಾಗ ಬಳೆ ಸದ್ದಾಗದಂತೆ ಒಂದೊಂದೇ ಒಡೆದು ತೆಗೆದ ಕನ್ಯೆ. ಈ ಮನುಷ್ಯನ ಮನಸ್ಸು ಎಲ್ಲೆಲ್ಲಿ ಹೋಗಿ ಕೂತಿದೆ ನೋಡಿ. ಹಾವು ಕಂಡರೆ ನಿಲ್ಲುತ್ತಾನೆ, ಅಡುಗೆಮನೆಯ ಹಿಂದೆ ಬಳೆಯ ಸದ್ದು ಕೇಳಿದರೂ ನಿಲ್ಲುತ್ತಾನೆ.

ಆ 24 ಜನರಲ್ಲಿ ಒಬ್ಬ ಬಾಣ ಮಾಡುವವ. ಬಾಣದ ತುದಿ ತಿದ್ದುವುದರಲ್ಲಿ ಅವನು ಎಷ್ಟು ಮುಳುಗಿದ್ದನೆಂದರೆ, ಪಕ್ಕದಲ್ಲೇ ರಾಜನ ಮೆರವಣಿಗೆ ಹೋದರೂ ಅವನಿಗೆ ಗೊತ್ತಾಗಲಿಲ್ಲ. ಏಕಾಗ್ರತೆಯ ಪಾಠ ಎಂದು ಎಲ್ಲರೂ ಹೇಳುವ ಕಥೆ ಇದು, ಆ ಹಿರಿಯರೂ ಹೇಳಿದ್ದರು. ಆದರೆ ಈ ಕಥೆ ಎಲ್ಲಿ ಕೂತಿದೆ ಎಂದು ನೋಡಿದವರು ಕಡಿಮೆ. ಏಕಾಗ್ರತೆ ಈ ಪಟ್ಟಿಯಲ್ಲಿ 24ರಲ್ಲಿ ಒಂದು. ಅದನ್ನು ಬಾಣದವನಿಂದ ಕಲಿತ ಅವಧೂತ ಅಲ್ಲೇ ಕೂತು ಬಾಣ ಮಾಡಲಿಲ್ಲ. ಎದ್ದು ಮುಂದೆ ಹೋದ, ಹಾವಿನ ಹತ್ತಿರ, ಜೇಡನ ಹತ್ತಿರ. ನೋಡುವಷ್ಟು ಹೊತ್ತು ಪೂರ್ತಿಯಾಗಿ ನೋಡಿದ, ಅಷ್ಟೇ. ಬಾಣದವನ ಏಕಾಗ್ರತೆ ಅವಧೂತನಲ್ಲೂ ಇತ್ತು. ಇಲ್ಲದಿದ್ದರೆ ಆ ಬಳೆ ಒಡೆದು ತೆಗೆದದ್ದು ಅವನ ಕಣ್ಣಿಗೆ ಬೀಳುತ್ತಿರಲಿಲ್ಲ.

ಕಸೂತಿ ಹಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಕಸೂತಿಯಲ್ಲಿ ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವ ರೂಢಿ ಇಲ್ಲ. ನೆಯ್ಗೆಯ ಎಳೆ ಎಣಿಸಿಯೇ ಗೋಪುರ, ತೇರು, ತುಳಸಿಕಟ್ಟೆ, ಅಂಬಾರಿ ಹೊತ್ತ ಆನೆ ಎದ್ದು ಬರಬೇಕು. ಗವಂತಿ ಹೊಲಿಗೆಯಲ್ಲಿ ಸೂಜಿ ಒಂದು ಸುತ್ತು ಹೋಗಿ, ಬಿಟ್ಟ ಜಾಗಗಳನ್ನು ತುಂಬುತ್ತ ಅದೇ ದಾರಿಯಲ್ಲಿ ವಾಪಸ್ಸು ಬರುತ್ತದೆ, ಗಂಟು ಹಾಕುವಂತಿಲ್ಲ, ಸೀರೆಯ ಒಳಮೈ ಹೊರಮೈ ಎರಡೂ ಒಂದೇ ಥರ ಕಾಣಬೇಕು. ಮುರಗಿಯದ್ದೂ ಇದೇ ಶಿಸ್ತು, ಮೆಟ್ಟಿಲು ಮೆಟ್ಟಿಲಾಗಿ. ಒಂದು ಎಳೆ ತಪ್ಪಿ ಎಣಿಸಿದರೆ ಹತ್ತು ಸಾಲು ಆದ ಮೇಲೆ ಆನೆಯ ಸೊಂಡಿಲು ಅಂಬಾರಿಗೆ ಹೋಗಿ ಬಡಿಯುತ್ತದೆ, ಆಗ ಬಿಚ್ಚಬೇಕು. ಸೂಜಿ ಕೈಯಲ್ಲಿ ಇರುವಷ್ಟು ಹೊತ್ತು ನನಗೆ ಚಿಕ್ಕೆಯೂ ಇಲ್ಲ, ಪೇಟಿಯೂ ಇಲ್ಲ. ಸೂಜಿ ಇಟ್ಟ ಮೇಲೆ ಇವೆ. ಇದರಲ್ಲಿ ಮನಸ್ಸು ಒಡೆದದ್ದು ಎಲ್ಲಿ?

ಮನಸ್ಸು ಒಡೆಯುವುದು ಬೇರೆ ಕಡೆ. ನಾನೇ ಮೊಬೈಲು ಹಿಡಿದು ಬಸ್ಸಿಗೆ ಕಾಯುತ್ತಿರುವಾಗ, ಒಂದು ನಿಮಿಷದೊಳಗೆ ಅಡುಗೆ, ಅಪಘಾತ, ನಾಯಿಮರಿ, ರಾಜಕೀಯ, ಭಜನೆ ಎಲ್ಲ ಕಣ್ಣ ಮುಂದೆ ಜಾರಿ ಹೋಗುತ್ತವೆ. ಒಂದರ ಎಳೆಯನ್ನೂ ನಾನು ಎಣಿಸಿರುವುದಿಲ್ಲ. ಹಿರಿಯರು ಅದನ್ನು ಬೈದಿದ್ದರೆ ತಲೆಬಾಗಿ ಕೇಳುತ್ತಿದ್ದೆ.

ಇನ್ನೊಂದು ಮಾತನ್ನೂ ಹೇಳಬೇಕು, ಹೇಳದಿದ್ದರೆ ನನ್ನ ಅವ್ವನಿಗೆ ಅನ್ಯಾಯ ಮಾಡಿದ ಹಾಗೆ. ಮನಸ್ಸನ್ನು ಒಂದೇ ಕಡೆ ನಿಲ್ಲಿಸಿದ ಮಹಾನುಭಾವರಿಗೆಲ್ಲ ಅನ್ನ ಬೇಯಿಸಿ ಹಾಕಿದವರು ಯಾರು? ಅವರ ಮನಸ್ಸು ಹೇಗಿತ್ತು? ಅವ್ವ ಒಲೆಯ ಮೇಲೆ ಹಾಲಿಟ್ಟು, ಜ್ವರದ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ಹೊರಗೆ ಹಪ್ಪಳಕ್ಕೆ ಕಾಗೆ ಬಂತೋ ನೋಡುತ್ತ, ಬಾಯಲ್ಲಿ ಬೀಸುವ ಪದ ಗುನುಗುತ್ತಿದ್ದಳು. ಆಕೆಗೆ ಕಸೂತಿ ಬರುತ್ತಿತ್ತು, ನಾಟಿ ಔಷಧ ಬರುತ್ತಿತ್ತು, ರಂಗೋಲಿಯ ಚುಕ್ಕಿಗಳ ಗಣಿತ ಬರುತ್ತಿತ್ತು. ಯಾರೂ ಅವನ್ನು ಹವ್ಯಾಸ ಎನ್ನಲಿಲ್ಲ, ವಿದ್ಯೆ ಎಂದಂತೂ ಕರೆಯಲೇ ಇಲ್ಲ, ಮನೆಗೆಲಸ ಅಂದರು. ನಾರದನಂತೆ ಪಟ್ಟಿ ಮಾಡಿ ಒಪ್ಪಿಸು ಎಂದು ಆಕೆಯನ್ನು ಯಾವ ಗುರುವೂ ಕೇಳಲಿಲ್ಲ. ಏಕಾಗ್ರತೆಯೇ ಮುಕ್ತಿಯ ಒಂದೇ ಬಾಗಿಲಾದರೆ ಅದು ಅನ್ನದ ಚಿಂತೆ ಇಲ್ಲದವರಿಗಷ್ಟೇ ತೆರೆಯುವ ಬಾಗಿಲು. ನಾನು ಅದನ್ನು ನಂಬಲಾರೆ.

ಉಪನಿಷತ್ತೂ ಹಾಗೆ ಹೇಳುವುದಿಲ್ಲ. ನಾರದನಿಗೆ ಸನತ್ಕುಮಾರ ಕಟ್ಟಿಕೊಡುವ ಮೆಟ್ಟಿಲುಗಳನ್ನು ಎಣಿಸಿ ನೋಡಿ. ನಾಮದಿಂದ ಪ್ರಾಣದವರೆಗೆ 15. ವಾಕ್ಕು, ಮನಸ್ಸು, ಸಂಕಲ್ಪ ಹೀಗೆ ಏರುತ್ತ ಆರನೆಯದು ಧ್ಯಾನ. ನಮ್ಮ ಮಂಡಳಿಯವರಾದರೆ ಅಲ್ಲಿಗೇ ಮಂಗಳ ಹಾಡುತ್ತಿದ್ದರು. ಆದರೆ ಧ್ಯಾನಕ್ಕಿಂತ ಹೆಚ್ಚಿನದು ವಿಜ್ಞಾನ, ಅದಕ್ಕಿಂತ ಬಲ, ಅದಕ್ಕಿಂತ ಅನ್ನ, ಅನ್ನಕ್ಕಿಂತ ನೀರು. ಹತ್ತು ದಿನ ಉಣ್ಣದೆ ಇದ್ದರೆ ಬದುಕಿದ್ದರೂ ನೋಡಲಾರ, ಕೇಳಲಾರ, ಚಿಂತಿಸಲಾರ ಎಂದು ಕಾರಣವನ್ನೂ ಕೊಡುತ್ತಾನೆ. ಧ್ಯಾನದ ಮೇಲಿನ ಮೆಟ್ಟಿಲಲ್ಲಿ ಅನ್ನವನ್ನು ಇಟ್ಟ ಈ ಗುರುವಿನ ಮೇಲೆ ನನಗೆ ವಿಶೇಷ ಗೌರವ.

ಒಂದೇ ಪುಸ್ತಕ ಯಾಕೆ ಎಂದು ಹೇಳುವುದು ಬಾಕಿ ಇತ್ತು. ಅಪ್ಪನದು ನವಲಗುಂದದ ಕಡೆ ಎರೆಹೊಲ. ಜೂನ್ ಮೊದಲ ವಾರ ದಾಟುತ್ತಲೇ "ಮಿರಗ ಕೂಡತು" ಎಂದು ಹೆಸರು ಬಿತ್ತಲು ತಯಾರಾಗುತ್ತಿದ್ದ. ಮಿರಗ ಅಂದರೆ ಮೃಗಶಿರಾ ಮಳೆ. ಅದರ ಬೆನ್ನಿಗೆ ಆರಿದ್ರೆ. ಇದು ನನ್ನ ರಿಜಿಸ್ಟರಿನಲ್ಲಿ ಅಪ್ಪನ ನೆನಪುಗಳ ನಡುವೆ ಇತ್ತು. ಕೆಲವು ಹಾಳೆ ಆಚೆಗೆ, ಮಾಗಿಯ ಒಂದು ರಾತ್ರಿ ಮಾಳಿಗೆಯ ಮೇಲೆ ನಿಂತು ಮೃಗಶಿರಾ ಚಿಕ್ಕೆಯನ್ನು ಗುರುತಿಸಿದ ಟಿಪ್ಪಣಿ. ಎರಡನ್ನೂ ಬರೆದವಳು ನಾನೇ, ಆದರೆ ಒಂದರ ಪಕ್ಕ ಒಂದನ್ನು ಓದುವ ತನಕ ನನಗೆ ಹೊಳೆದಿರಲಿಲ್ಲ: ಮಿರಗದ ಮಳೆ ಬೀಳುವಾಗ ಮೃಗಶಿರಾ ಆಕಾಶದಲ್ಲಿ ಕಾಣುವುದೇ ಇಲ್ಲ. ಆಗ ಸೂರ್ಯನೇ ಆ ನಕ್ಷತ್ರದಲ್ಲಿ ಇರುತ್ತಾನೆ. ಅದಕ್ಕೇ ಆ ಮಳೆಗೆ ಆ ಹೆಸರು. ಸೂರ್ಯ 27 ನಕ್ಷತ್ರಗಳನ್ನು ಒಂದು ವರ್ಷದಲ್ಲಿ ದಾಟುವುದರಿಂದ ಒಂದೊಂದು ಮಳೆಗೆ ಹದಿಮೂರು ಹದಿನಾಲ್ಕು ದಿನ ಬರುತ್ತದೆ. ಅಂದರೆ ಅಕ್ಷರ ಬಾರದ ನಮ್ಮ ರೈತರು, ಕಾಣದ ನಕ್ಷತ್ರದ ಹೆಸರಿನಲ್ಲಿ ಸೂರ್ಯನ ಜಾಗವನ್ನು ಲೆಕ್ಕ ಇಟ್ಟುಕೊಂಡು ಬಿತ್ತುತ್ತ ಬಂದಿದ್ದಾರೆ. ಜ್ಯೋತಿಷ್ಯ ಬಲ್ಲವರಿಗೆ ಇದು ಅಂಗೈ ಗೆರೆ. ನನಗೆ ಮಾತ್ರ ಆ ದಿನ ಅಪ್ಪನ ಮಾತು ಆಕಾಶದವರೆಗೂ ಎದ್ದು ನಿಂತಿತು. ಒಕ್ಕಲುತನಕ್ಕೊಂದು, ಚಿಕ್ಕೆಗೊಂದು ಬೇರೆ ಬೇರೆ ನೋಟ್‌ಬುಕ್ಕು ಇದ್ದಿದ್ದರೆ ಇದು ಆಗುತ್ತಿರಲಿಲ್ಲ.

ಇಂಥ ಕಲಸುಮೇಲೋಗರದ ಪುಸ್ತಕಗಳು ನಮ್ಮ ನಾಡಿಗೆ ಹೊಸವೇನಲ್ಲ. 1025ರ ಸುಮಾರಿನಲ್ಲಿ ಇಮ್ಮಡಿ ಚಾವುಂಡರಾಯ ಕನ್ನಡದಲ್ಲೇ 'ಲೋಕೋಪಕಾರ' ಬರೆದ. ನೆಲದೊಳಗಿನ ನೀರು ಕಂಡುಹಿಡಿಯುವುದು, ಗಿಡಗಳ ವೈದ್ಯ, ಸುಗಂಧ, ಅಡುಗೆ, ಶಕುನ ಎಲ್ಲ ಅದರಲ್ಲಿವೆ. ನೂರು ವರ್ಷ ಕಳೆದ ಮೇಲೆ ಕಲ್ಯಾಣದ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಮಾಡಿದ. 20 ಅಧ್ಯಾಯಗಳ ಐದು ಭಾಗ; ಆನೆ, ಮೀನು ಹಿಡಿಯುವುದು, ಚಿತ್ರ, ಸಂಗೀತ, ಭಕ್ಷ್ಯಗಳು. ಅದೇ ಕಲ್ಯಾಣದಲ್ಲಿ ಕೆಲವೇ ದಶಕಗಳೊಳಗೆ ಬಸವಣ್ಣ ಬಂದು ಅಂಗೈಯಲ್ಲಿ ಒಂದು ಲಿಂಗವನ್ನಿಟ್ಟು ಇದೊಂದೇ ಅಂದ. ನೂರು ಅಧ್ಯಾಯದ ದೊರೆ, ಒಂದೇ ಲಿಂಗದ ಶರಣ. ಇವರಲ್ಲಿ ಒಬ್ಬರನ್ನು ಆರಿಸಿಕೊಳ್ಳಬೇಕು ಎಂದು ಹಿಂದೆ ನನಗೂ ಅನ್ನಿಸುತ್ತಿತ್ತು. ಈಗ ಅನ್ನಿಸುವುದಿಲ್ಲ. ಆ ಒಂದು ಲಿಂಗದ ಸುತ್ತ ಅನುಭವ ಮಂಟಪದಲ್ಲಿ ನೆರೆದವರು ಅಂಬಿಗ, ಮಡಿವಾಳ, ಮೇದಾರ, ಹಡಪದವ. ಒಬ್ಬೊಬ್ಬರೂ ತಮ್ಮ ಕೈಗೆಲಸದ ಮಾತಿನಲ್ಲೇ ದೇವರ ಮಾತಾಡಿದರು. ನಿಜಗುಣ ಶಿವಯೋಗಿಗಳನ್ನೇ ನೋಡಿ: ಶಂಭುಲಿಂಗನ ಬೆಟ್ಟದಲ್ಲಿ ತಪಸ್ಸಿಗೆ ಕೂತ ಯೋಗಿ, ಕೈವಲ್ಯದ ಹಾಡು ಕಟ್ಟಿದವರು, ಸಕಲ ಶಾಸ್ತ್ರಗಳನ್ನು ಹೆಣೆದ 'ವಿವೇಕಚಿಂತಾಮಣಿ' ಎಂಬ ಕೋಶವನ್ನೂ ಬರೆದರು. ಅವರಿಗೆ ಇದು ಅಡ್ಡಿಯಾಗಲಿಲ್ಲ.

ದೇವರನ್ನು ಪಕ್ಕಕ್ಕಿಟ್ಟು ಬದುಕಿದವರ ಸಾಕ್ಷಿ ಬೇಕಾದರೆ ಶಿವರಾಮ ಕಾರಂತರಿದ್ದಾರೆ. ಆತ್ಮಕತೆಗೆ ಅವರು ಇಟ್ಟ ಹೆಸರೇ 'ಹುಚ್ಚು ಮನಸ್ಸಿನ ಹತ್ತು ಮುಖಗಳು'. ಕೇಂದ್ರ ಸಾಹಿತ್ಯ ಅಕಾಡೆಮಿ 1959ರಲ್ಲಿ ಬಹುಮಾನ ಕೊಟ್ಟದ್ದು ಅವರ ಯಕ್ಷಗಾನದ ಅಧ್ಯಯನಕ್ಕೆ, 1977ರ ಜ್ಞಾನಪೀಠ ಬಂದದ್ದು ಕಾದಂಬರಿಗೆ. ನಡುವೆ ಮಕ್ಕಳಿಗೆ, ದೊಡ್ಡವರಿಗೆ ವಿಜ್ಞಾನದ ಸಂಪುಟಗಳು. ಅವರ ಹತ್ತು ಮುಖಗಳಲ್ಲಿ ಯಾವುದನ್ನೂ ಅರೆಬರೆ ಎನ್ನುವ ಧೈರ್ಯ ನನಗಿಲ್ಲ.

ಹಾಗಾದರೆ ನಾರದನ ದುಃಖ ಎಲ್ಲಿಂದ ಬಂತು? ಇದೇ ನನ್ನನ್ನು ಬಹಳ ಕಾಡಿದ ಪ್ರಶ್ನೆ. ಉತ್ತರದ ಒಂದು ತುಣುಕು ಅವಧೂತನ ಜೇನ್ನೊಣದಲ್ಲಿದೆ. ಅವಧೂತ ಜೇನ್ನೊಣದಿಂದ ಎರಡು ಪಾಠ ಕಲಿಯುತ್ತಾನೆ. ಸಣ್ಣ ದೊಡ್ಡ ಎನ್ನದೆ ಎಲ್ಲ ಹೂವಿನಿಂದಲೂ ಸಾರ ತೆಗೆದುಕೋ ಎನ್ನುವುದು ಒಂದು. ಕೂಡಿಡಬೇಡ ಎನ್ನುವುದು ಇನ್ನೊಂದು, ಕೂಡಿಟ್ಟರೆ ಜೇನು ಕೀಳುವವ ಬರುತ್ತಾನೆ. ಕೆಲಸದ ಮೇಲೆ ಕಲಬುರ್ಗಿ ಕಡೆ ಇದ್ದಾಗ ಭೀಮಾ-ಅಮರ್ಜಾ ಸಂಗಮದ ಗಾಣಗಾಪುರಕ್ಕೆ ಹೋಗುತ್ತಿದ್ದೆ. ಅಲ್ಲಿ ದತ್ತಭಕ್ತರು, ಕಾರಿನಲ್ಲಿ ಬಂದವರೂ, ಜೋಳಿಗೆ ಹಿಡಿದು ಐದು ಮನೆಗೆ ಹೋಗಿ, ಜೇನ್ನೊಣದ ಹಾಗೆ ಸ್ವಲ್ಪ ಸ್ವಲ್ಪವೇ, ಮಧುಕರಿ ಬೇಡುತ್ತಾರೆ. ಒಂದೇ ಮನೆಯಲ್ಲಿ ಹೊಟ್ಟೆ ತುಂಬ ಬೇಡುವಂತಿಲ್ಲ, ನಾಳೆಗೆ ಇಟ್ಟುಕೊಳ್ಳುವಂತೆಯೂ ಇಲ್ಲ. ನಮ್ಮ ಆಯ್ದಕ್ಕಿ ಲಕ್ಕಮ್ಮ ಇದನ್ನೇ ಇನ್ನೂ ಖಾರವಾಗಿ ಮಾಡಿ ತೋರಿಸಿದಳು. ಗಂಡ ಮಾರಯ್ಯ ದಿನದ ಅಳತೆಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೋಗಿ ಅಲ್ಲೇ ಸುರಿದು ಬಾ ಎಂದು ಕಳಿಸಿದಳು. ಅಕ್ಕಿ ಆಯುವುದನ್ನು ಆಕೆ ಬೇಡ ಅನ್ನಲಿಲ್ಲ.

ಅಂಚೆಚೀಟಿ ಕೂಡಿಸುವವರಲ್ಲಿ ಕೂಡಿಡುವ ಈ ರೋಗವನ್ನು ನಾನು ಹತ್ತಿರದಿಂದ ನೋಡಿದ್ದೇನೆ. 1964ರಲ್ಲಿ ಪುರಂದರದಾಸರ ಚೀಟಿ ಬಂತು, 1967ರಲ್ಲಿ ಬಸವೇಶ್ವರರದು. ಅವನ್ನು ಹೊಸದಾಗಿ ಹಾಳೆಗಟ್ಟಲೆ ಕೊಂಡು, ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟು, ಬೆಲೆ ಏರುವುದನ್ನು ಕಾದವರಿದ್ದಾರೆ. ಚೂರು ಬಂಗಾರವನ್ನೂ ಇಟ್ಟುಕೊಳ್ಳದೆ ಮನೆ ಬಿಟ್ಟರೆಂದು ಕಥೆಯಿರುವ ದಾಸರು ಬೀಗದೊಳಗೆ! ಆ ದಾಸರ ಹಾಡುಗಳಲ್ಲಿ ಬಾರದ ವಿಷಯವಿಲ್ಲ: ಅಡುಗೆ, ಸಂತೆ, ಜಿಪುಣತನ, ಯಶೋದೆಯ ಬೈಗುಳ. ಹಾಡಿನ ಕೊನೆಗೆ ಅಂಕಿತ ಮಾತ್ರ ಒಂದೇ, ಪುರಂದರ ವಿಠಲ. ಅವರು ಬರೆದುದೆಲ್ಲ ಅವರ ಹೆಸರಿನಲ್ಲಿ ಜಮಾ ಆಗಲಿಲ್ಲ, ವಿಠಲನ ಹೆಸರಿನಲ್ಲಿ ಆಯಿತು. ಉಳಿತಾಯ ಖಾತೆಯ ಪುಸ್ತಕಗಳನ್ನು ಜೀವಮಾನವಿಡೀ ತುಂಬಿದ ನನಗೆ ಆ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. ನಾರದ ತನ್ನ ಪಟ್ಟಿಯನ್ನು ತನ್ನ ಖಾತೆಗೆ ಬರೆದುಕೊಂಡಿದ್ದ. ಗೊತ್ತಿರುವುದು ಒಂದೇ ವಿದ್ಯೆಯಾಗಿದ್ದರೂ ಅದನ್ನು ಹಾಗೆ ಬರೆದುಕೊಂಡವನಿಗೆ ಅದೇ ದುಃಖ ಬರುತ್ತದೆ. ಒಂದೇ ವಿಷಯ ಹಿಡಿದು, ಅದರಲ್ಲೇ ಪ್ರಸಿದ್ಧರಾಗಿ, ಕಹಿಯಾಗಿ ಹೋದ ವಿದ್ವಾಂಸರು ಯಾವ ಊರಿನಲ್ಲಿ ಇಲ್ಲ?

ಸನತ್ಕುಮಾರ ಪಟ್ಟಿಯನ್ನು ಹರಿದು ಹಾಕು ಎನ್ನಲಿಲ್ಲ. ಇದೆಲ್ಲ ಬರಿಯ ಹೆಸರು ಅಂದ, ಆದರೆ ಆ ಹೆಸರನ್ನೇ ಉಪಾಸನೆ ಮಾಡು ಅಂದ. ಪ್ರತಿ ಮೆಟ್ಟಿಲಲ್ಲೂ ನಾರದ ಕೇಳುತ್ತಾನೆ, ಇದಕ್ಕಿಂತ ಹೆಚ್ಚಿನದು ಇದೆಯೇ? ನಕ್ಷತ್ರದಿಂದ ಹಾವಿಗೆ, ಹಾವಿನಿಂದ ಸುಗಂಧಕ್ಕೆ ಅವನನ್ನು ಓಡಿಸಿದ ಅದೇ ಚಟ ಇದು. ಈಗ ಮೇಲೆ ಹತ್ತಿಸುತ್ತಿದೆ. ಪ್ರಾಣದ ಹತ್ತಿರ ಬಂದಾಗ ಅವನು ಕೇಳುವುದನ್ನು ನಿಲ್ಲಿಸುತ್ತಾನೆ. ಅಲ್ಲಿಂದ ಮುಂದೆ ಅವನು ಕೇಳದಿದ್ದರೂ ಗುರುವೇ ಭೂಮದವರೆಗೆ ಕರೆದೊಯ್ಯುತ್ತಾನೆ: ಸುಖ ಇರುವುದು ಅಪಾರವಾದದ್ದರಲ್ಲಿ, ಅಲ್ಪದಲ್ಲಿ ಇಲ್ಲ. ಪ್ರಶ್ನೆಗಳೇ ಇಲ್ಲದ ಶಿಷ್ಯನೊಬ್ಬ ಅದೇ ಗುರುವಿನ ಹತ್ತಿರ ಬಂದಿದ್ದರೆ ಮೊದಲ ಮೆಟ್ಟಿಲಲ್ಲೇ ಪಾಠ ಮುಗಿಯುತ್ತಿತ್ತು ಎಂದು ನನ್ನ ಅನುಮಾನ.

ಭಜನಾ ಮಂಡಳಿಯ ಹಿರಿಯರು ಇದನ್ನೆಲ್ಲ ಒಪ್ಪಿಲ್ಲ. ಒಪ್ಪುವುದೂ ಇಲ್ಲ. ಆದರೆ ಮೊನ್ನೆ ಅವರು, ತಮ್ಮ ಊರಲ್ಲಿ ಆರಿದ್ರೆ ಮಳೆಯ ಬಗ್ಗೆ ಹೇಳುತ್ತಿದ್ದ ಒಂದು ಗಾದೆಯನ್ನು ನನ್ನ ರಿಜಿಸ್ಟರಿಗೆ ಬರೆಸಿ ಹೋದರು.

ನೀವೂ ಇಂಥದೊಂದು ಪುಸ್ತಕ ಶುರುಮಾಡುವುದಾದರೆ ಒಂದೇ ಪುಸ್ತಕ ಇಡಿ. ಪುಟಕ್ಕೆ ನಂಬರು ಹಾಕಿ, ದಿನಾಂಕ ತಪ್ಪದೆ ಬರೆಯಿರಿ, ಪರಿವಿಡಿಗೆ ಹಿಂದೆ ನಾಲ್ಕು ಹಾಳೆ ಬಿಡಿ. ಅಕ್ಷರ ಮಾತ್ರ ಪೋಸ್ಟ್‌ಮನ್ನರಿಗೆ ಓದಲು ಬರುವಷ್ಟು ದುಂಡಗಿರಲಿ. ಓದಬೇಕಾದವರು ಮುಂದೆ ಬೇರೆ ಯಾರೋ.